ಮಗನ ಗರಡಿ, ಮನೆಯ ದಾಸೋಹ

ಕಾಯವು ಲಿಂಗದ ನೆಲೆ. ಅದನ್ನು ಪುಷ್ಟಿಗೊಳಿಸುವ ವ್ಯಾಯಾಮವು ನಿಂದ್ಯವಲ್ಲ. ಬಾಲಕನು ಬೆಳಗಿನ ಜಾವ ಗರಡಿಗಿಳಿದು ಕುಸ್ತಿಯನ್ನು ಸಾಧಿಸುವುದು ಮೆಚ್ಚತಕ್ಕದ್ದೇ. ಆದರೆ ಮನೆಯ ಹಾಲು, ತುಪ್ಪ, ಬಾದಾಮಿಗಳೆಲ್ಲ ಅವನೊಬ್ಬನ ಪಾಲಾಗಿ, ತಂಗಿಯ ಓದಿನ ಹಣವು ಪಂದ್ಯದ ಪ್ರಯಾಣಕ್ಕೆ ವೆಚ್ಚವಾಗಿ, ತಾಯಿಯ ಲಿಂಗಪೂಜೆಯ ಹೊತ್ತು ಅವನ ಊಟದ ಸಿದ್ಧತೆಯಲ್ಲಿ ಕಳೆದುಹೋದರೆ, ಆ ಮನೆಯಲ್ಲಿ ಪ್ರಸಾದಭಾವವು ಉಳಿಯಿತೆ?

ಮೇರೆಯೆಂಬುದನ್ನು ಶರಣರು ಬಾಳಿ ತೋರಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಮ್ಮೆ ಅವರು ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನವರು ಒಪ್ಪದೆ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದರು. ಅಕ್ಕಿ ಕೆಟ್ಟದ್ದಲ್ಲ, ಕಾಯಕವೂ ಕೆಟ್ಟದ್ದಲ್ಲ. ಮೇರೆ ಮೀರಿದುದೊಂದೇ ದೋಷ.

ತಂದೆತಾಯಿಗಳು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ: ಈ ಗೆಲವಿನ ಹಸಿವು ಮಗನದೋ, ತಮ್ಮದೋ? ಸಾಧನೆ ಸಾಗಲಿ, ವಾರಕ್ಕೊಂದು ದಿನ ಬಿಡುವಿರಲಿ. ತಂಗಿಯ ಪಾಲು ತಂಗಿಗೇ ಸಲ್ಲಲಿ. ದಿನಕ್ಕೊಮ್ಮೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಲಿ. ಸೋತು ಬಂದ ದಿನವೂ ಮಗನಿಗೆ ಅದೇ ಅನ್ನ, ಅದೇ ಅಕ್ಕರೆ ದೊರೆಯಲಿ. ಗೆದ್ದ ದಿನ ಅವನೇ ಎಲ್ಲರಿಗೂ ಬಡಿಸಲಿ. ಮೇರೆಯನ್ನರಿತ ಸಾಧನೆಯೇ ಕಾಯಕ. ಹಂಚಿ ಉಂಡ ಫಲವೇ ದಾಸೋಹ.