ಇಂಧನದಲ್ಲಿ ನೀರು: ಹೊಣೆ ಯಾರದು?

ವಿಷಯ

ಮಳೆಗಾಲದಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಬಿ.ಎಚ್. ರಸ್ತೆಗೆ ಇಳಿದ ಬೈಕು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ, ಎಳೆಯುವುದಿಲ್ಲ, ನಿಂತರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಮೆಕ್ಯಾನಿಕ್ ಟ್ಯಾಂಕಿನ ಪೆಟ್ರೋಲನ್ನು ಖಾಲಿ ನೀರಿನ ಬಾಟಲಿಗೆ ಇಳಿಸಿ ಅಲ್ಲಾಡಿಸದೆ ಇಡುತ್ತಾನೆ. ಮೇಲೆ ತಿಳಿಯಾದ ಪೆಟ್ರೋಲ್, ಕೆಳಗೆ ನೀರಿನ ಬೇರೆ ಪದರ. ಶಿವಮೊಗ್ಗ, ಭದ್ರಾವತಿಯಂಥ ಮಳೆಯೂರುಗಳಲ್ಲಿ ಈ ಎರಡನೆಯ ಪದರಕ್ಕೆ ಉತ್ತರ ಹೇಳಬೇಕಾದವರು ಯಾರು?

ಕಾರಣ

ಇಂಧನ ಕೆಡುವುದು ಎರಡು ಬಗೆಯಲ್ಲಿ. ಮೊದಲನೆಯದು ಲಾಭದ ಆಸೆಗೆ ಸೀಮೆಎಣ್ಣೆ, ಸಾಲ್ವೆಂಟ್ ಬೆರೆಸುವುದು. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಇದನ್ನು ತಡೆಯಹೋಗಿ 2005ರ ನವೆಂಬರ್‌ನಲ್ಲಿ ಕೊಲೆಯಾದರು.

ಎರಡನೆಯದು ಯಾರೂ ಬೆರೆಸದೆ ಸೇರಿಕೊಳ್ಳುವ ನೀರು. ಬಂಕಿನ ನೆಲದಡಿಯ ಟ್ಯಾಂಕಿಗೆ ಮುಚ್ಚಳದ ಸಂದಿನಿಂದ, ಸವೆದ ಪೈಪಿನಿಂದ ಅದು ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇದೆ. ಎಥನಾಲ್ ಅಷ್ಟಿಷ್ಟು ನೀರನ್ನು ತನ್ನೊಳಗೇ ಹಿಡಿದಿಡುತ್ತದೆ. ಮಿತಿ ಮೀರಿದರೆ ನೀರಿನ ಜೊತೆ ತಾನೂ ತಳ ಸೇರುತ್ತದೆ. ಹಾಗಾಗಿ ತಳದ ಪದರ ಒಳಬಂದ ನೀರಿಗಿಂತ ಹೆಚ್ಚೇ ಇರುತ್ತದೆ.

ಪರಿಣಾಮ

ಪೆಟ್ರೋಲ್ ಗಾಡಿಯಲ್ಲಿ ಫಿಲ್ಟರ್ ಕಟ್ಟುತ್ತದೆ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಡೀಸೆಲ್ ಗಾಡಿಗೆ ಪೆಟ್ಟು ಇನ್ನೂ ದೊಡ್ಡದು. ಕಾಮನ್ ರೈಲ್ ಎಂಜಿನ್ನಿನ ಪಂಪು, ಇಂಜೆಕ್ಟರುಗಳಿಗೆ ಡೀಸೆಲ್ಲೇ ಜಿಡ್ಡು. ನೀರು ಆ ಜಿಡ್ಡನ್ನು ಕಳೆದರೆ ಲೋಹ ಲೋಹವನ್ನೇ ತಿನ್ನುತ್ತದೆ. ನೀರು, ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಬಾಡಿಗೆ ಗೂಡ್ಸ್ ಗಾಡಿಯವನಿಗೆ ಇದು ತಿಂಗಳ ದುಡಿಮೆಯನ್ನೇ ನುಂಗುವ ಖರ್ಚು.

ಆಕ್ಷೇಪ ಮತ್ತು ಸಮಾಧಾನ

ಮೊದಲ ಆಕ್ಷೇಪ: ಎಥನಾಲ್ ಬೆರೆಸಿ ಕಳಿಸುವವರು ಕಂಪನಿಯವರು, ಬಂಕಿನವರ ತಪ್ಪೇನು?
ಸಮಾಧಾನ: ಎಥನಾಲಿಗೆ ಅನುಮತಿಯಿದೆ, ನೀರಿಗೆ ಇಲ್ಲ. ನೀರನ್ನು ಎಳೆಯುವ ಸರಕು ಟ್ಯಾಂಕಿನಲ್ಲಿದೆ ಎಂದು ಗೊತ್ತಿದ್ದ ಮೇಲೆ ಎಚ್ಚರ ಹೆಚ್ಚಬೇಕೇ ಹೊರತು ಹೊಣೆ ಕಡಿಮೆಯಾಗದು. ಅಳತೆ ಕಡ್ಡಿಗೆ ಹಚ್ಚುವ ನೀರು ಪತ್ತೆಯ ಪೇಸ್ಟ್ ಕೂಡ ಎಥನಾಲ್ ಇಂಧನಕ್ಕೆ ಹೊಂದುವಂಥದ್ದೇ ಆಗಬೇಕು. ಹಳೆಯ ಪೇಸ್ಟ್ ಈ ಮಿಶ್ರ ಪದರವನ್ನು ಸರಿಯಾಗಿ ತೋರಿಸದೇ ಹೋಗಬಹುದು.

ಎರಡನೆಯದು: ನೀರು ಗಾಡಿಯ ಟ್ಯಾಂಕಿಗೇ ಇಳಿದಿರಬಹುದಲ್ಲ?
ಸಮಾಧಾನ: ಇಳಿದಿರಬಹುದು. ಬೈಕಿನ ಮುಚ್ಚಳದ ಸುತ್ತಲಿನ ನೀರು ಹೊರಹೋಗುವ ತೂತು ಮಣ್ಣು ಕಟ್ಟಿದರೆ, ರಬ್ಬರ್ ಒಡೆದಿದ್ದರೆ ಮಳೆನೀರು ಒಳಗೇ ಹೋಗುತ್ತದೆ. ತೋಟದ ಮನೆಯ ಕ್ಯಾನಿನಲ್ಲಿ ಹೋದ ವರ್ಷದಿಂದ ಉಳಿದ ಪೆಟ್ರೋಲನ್ನು ಅಡಿಕೆಗೆ ಔಷಧಿ ಹೊಡೆಯುವ ಪಂಪಿಗೆ ಸುರಿದರೆ ಆ ತಪ್ಪು ಬಂಕಿನದಲ್ಲ. ಆದರೆ ಒಂದೇ ಕಡೆ ಹಾಕಿಸಿದ ಹಲವು ಗಾಡಿಗಳು ಒಂದೇ ದಿನ ನಿಂತರೆ ಮೂಲ ಬಂಕಿನಲ್ಲೇ ಇದೆ. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್ ಬಳಿ ಮುಖ್ಯಮಂತ್ರಿಯ ಬೆಂಗಾವಲಿನ 19 ಗಾಡಿಗಳು ಹೀಗೆಯೇ ಸಾಲಾಗಿ ನಿಂತವು. ಡೀಸೆಲಿನಲ್ಲಿ ನೀರು ಸಿಕ್ಕಿತು, ಬಂಕಿಗೆ ಬೀಗ ಬಿತ್ತು.

ಮೂರನೆಯದು: ಸಾಂದ್ರತೆ ಸರಿಯಿದ್ದರೆ ಸಾಲದೆ?
ಸಮಾಧಾನ: ಸಾಲದು. ಅಲ್ಲಿ 3 ಅಂಕದವರೆಗಿನ ವ್ಯತ್ಯಾಸಕ್ಕೆ ವಿನಾಯಿತಿ ಇದೆ. 830 ಸಾಂದ್ರತೆಯ ಡೀಸೆಲಿಗೆ 800ರ ಸೀಮೆಎಣ್ಣೆ 10% ಬೆರೆತರೂ ಇಳಿಯುವುದು 3 ಮಾತ್ರ. ಇನ್ನು ತಳದ ನೀರು ಮೇಲಿನಿಂದ ತೆಗೆದ ಮಾದರಿಯಲ್ಲಿ ಬರುವುದೇ ಇಲ್ಲ.

ಸಿದ್ಧಾಂತ

ಬೇಕೆಂದು ಬೆರೆಸಿದ್ದೋ ತಾನಾಗಿ ಬೆರೆತದ್ದೋ ಎಂಬ ಭೇದ ಶಿಕ್ಷೆಯ ಪ್ರಮಾಣಕ್ಕೆ ಬೇಕು, ನಷ್ಟ ತುಂಬಿಕೊಡುವುದಕ್ಕೆ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷ ಎನ್ನುವುದು ಸರಕಿನ ಗುಣಮಟ್ಟದ ಕೊರತೆಗೆ. ನಾಜಲ್‌ನಿಂದ ನೀರು ಬಂದಿದ್ದರೆ ರಿಪೇರಿಯ ಖರ್ಚು ಮಾರಿದವರದೇ. ಮಳೆಗಾಲದ ಪ್ರತಿ ಬೆಳಿಗ್ಗೆ ಮಾರಾಟಕ್ಕೆ ಮುಂಚೆ ತಳದ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಬಂಕಿನವರು ಬರೆದು ಹಾಕಲಿ. ಗ್ರಾಹಕರೇ, ಪ್ರತಿ ಸಲ ಬಿಲ್ ಕೇಳಿ ಪಡೆಯಿರಿ. ಗಾಡಿ ನಿಂತರೆ ಟ್ಯಾಂಕ್ ಖಾಲಿ ಮಾಡಿಸುವ ಮೊದಲು ಒಂದು ಬಾಟಲಿ ಮಾದರಿಯನ್ನು ಸಾಕ್ಷಿಗಳ ಎದುರು ತೆಗೆದಿಡಿ. ಆ ಬಿಲ್ಲೂ ಬಾಟಲಿಯೂ ಇಲ್ಲದ ದೂರು ನಿಲ್ಲುವುದು ಕಷ್ಟ.