ಸುಖದುಃಖಗಳ ಅದ್ವೈತ

ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ರಾಮ ಬಿಟ್ಟ ಮೇಲೆ ಸೀತೆ ಬಂದು ಇದ್ದದ್ದು ಇಲ್ಲೇ, ಲವಕುಶರು ಹುಟ್ಟಿದ್ದೂ ಇಲ್ಲೇ ಎಂಬುದು ಈ ಸೀಮೆಯ ನಂಬಿಕೆ. ಕೆಳಗೆ ನೊಳಂಬರ ಕಾಲದ ಗುಡಿಗಳಲ್ಲಿ ರಾಮನಿಗೂ ಅವನ ತಮ್ಮಂದಿರಿಗೂ ಒಂದೊಂದು ಲಿಂಗ. ಸೀತೆ ಮಾತ್ರ ಮೇಲೆ, ಬಂಡೆಗಳ ನಡುವೆ.

ಗಂಡಹೆಂಡಿರ ಪ್ರೀತಿ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ನನಗೆ ಕಂಡ ಅತ್ಯಂತ ಆಳವಾದ ಉತ್ತರವೂ ಇದೇ ಕಥೆಯಲ್ಲಿದೆ. 8ನೇ ಶತಮಾನದ ಭವಭೂತಿ ತನ್ನ ‘ಉತ್ತರರಾಮಚರಿತ’ ನಾಟಕದಲ್ಲಿ ಅದನ್ನು ಕೊಡುತ್ತಾನೆ. ಅದ್ವೈತ ಎಂದೊಡನೆ ನಾವು ಜೀವ-ಬ್ರಹ್ಮರ ಚರ್ಚೆಗೆ ಹೋಗುತ್ತೇವೆ. ಅವನು ಅದನ್ನು ಸಂಸಾರದೊಳಕ್ಕೇ ತರುತ್ತಾನೆ: ಸುಖ ಬಂದರೂ ದುಃಖ ಬಂದರೂ ಇಬ್ಬರಾಗಿ ಉಳಿಯದಿರುವುದೇ ಪ್ರೇಮ. ಹೊಸತರಲ್ಲಿ ಸಂಕೋಚ, ಬಿಗುಮಾನ, ಚೆನ್ನಾಗಿ ಕಾಣಬೇಕೆಂಬ ಆಸೆ, ಹೀಗೆ ಎಷ್ಟೋ ಮುಸುಕುಗಳಿರುತ್ತವೆ. ಕಾಲ ಕಳೆದಂತೆ ಅವು ಒಂದೊಂದೇ ಕಳಚಿ ಸ್ನೇಹದ ತಿರುಳು ಉಳಿಯುತ್ತದೆ. ಮುಪ್ಪು ಅದರ ರುಚಿ ಕೆಡಿಸದು. ಮೊದಲ ದಿನಗಳ ಬಿಸುಪನ್ನು ಹೇಗಾದರೂ ಕಾಪಾಡಿಕೊಳ್ಳಿ ಎನ್ನುವ ಇಂದಿನ ಸಲಹೆಗಳಿಗೆ ಇದು ನೇರ ಎದುರು.

ಮೊದಲ ಅಂಕದಲ್ಲಿ ರಾಮಸೀತೆಯರು ಅರಮನೆಯಲ್ಲಿ ಕೂತು ತಮ್ಮ ವನವಾಸದ ಚಿತ್ರಗಳನ್ನು ನೋಡುತ್ತಾರೆ. ಗೋದಾವರಿಯ ದಡ, ಪ್ರಸ್ರವಣ ಗಿರಿ, ಏನೇನೋ ಮಾತಾಡುತ್ತ ಜಾವಗಳು ಸರಿದದ್ದೇ ತಿಳಿಯದ ರಾತ್ರಿಗಳು. ಸಿಂಹಾಸನ ಸಿಕ್ಕ ಮೇಲೂ ನೆನಪಾಗುವುದು ನಡೆದ ದಾರಿ. ಬಸುರಿ ಸೀತೆಯ ಬಯಕೆಯೂ ಇನ್ನೊಮ್ಮೆ ಆ ಕಾಡಿಗೆ ಹೋಗಬೇಕೆಂಬುದೇ.

ಹೀಗೆ ದಾರಿಯನ್ನೇ ಮನೆ ಮಾಡಿಕೊಂಡು, ಹಾಯಿದೋಣಿಯಲ್ಲೇ ಸಂಸಾರ ಹೂಡಿ ವರ್ಷಗಟ್ಟಲೆ ಸಮುದ್ರ ಸುತ್ತುವ ದಂಪತಿಗಳು ಈಗ ಇದ್ದಾರೆ. ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳಲು ಅಲ್ಲಿ ಜಾಗವಿಲ್ಲ. ಗಾಳಿ ತಿರುಗಿತೆಂದರೆ ಒಬ್ಬರು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ಹಾಯಿ ಹೊಂದಿಸಬೇಕು. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಕೋಲಾರ ಸೀಮೆಯವರಿಗೆ ದೋಣಿ ದೂರದ ಮಾತು. ಆದರೆ ಮುಳಬಾಗಿಲ ಆಂಜನೇಯನಿಗೆ ಕೈಮುಗಿದು ತಿರುಪತಿಗೆ ಕಾಲ್ನಡಿಗೆಯಲ್ಲಿ ಹೊರಡುವ ಜೋಡಿಗಳು ನಮಗೆ ಗೊತ್ತು. ಮುಂದೆ ಹೋದವರು ನೆರಳು ನೋಡಿ ನಿಲ್ಲುತ್ತಾರೆ, ಹಿಂದಿನವರು ಬಂದು ಸೇರುವವರೆಗೆ.

ಈ ಅದ್ವೈತ ಒಮ್ಮೆ ಕೈಗೂಡಿದರೆ ಹಾಗೇ ಉಳಿಯುವಂಥದ್ದಲ್ಲ. ಸೀತೆ ತೋಳಿನ ಮೇಲೆ ಮಲಗಿ ನಿದ್ದೆಹೋದಾಗಲೇ ರಾಮ ಪ್ರೇಮದ ಈ ಮಾತುಗಳನ್ನು ಆಡುವುದು. ಅವಳು ಏಳುವ ಮುನ್ನ ಊರವರ ಅಪವಾದದ ಸುದ್ದಿ ಬರುತ್ತದೆ, ಅವಳನ್ನು ಬಿಡುವ ತೀರ್ಮಾನವೂ ಆಗಿಹೋಗುತ್ತದೆ. ತಾನು ಬಯಸಿದ ಪ್ರಯಾಣವೇ ಎಂದುಕೊಂಡು ಅವಳು ರಥ ಹತ್ತುತ್ತಾಳೆ. ಅದ್ವೈತ ಮುರಿದದ್ದು ಅಗಲಿಕೆಯಿಂದಲ್ಲ. ಇಬ್ಬರಿಗೂ ಸೇರಿದ ದುಃಖವನ್ನು ಒಬ್ಬನೇ ಅಳೆದು, ಅವಳನ್ನು ಎಬ್ಬಿಸದೆ ನಿರ್ಧರಿಸಿದ್ದರಿಂದ.

12 ವರ್ಷದ ಮೇಲೆ ರಾಮ ಮತ್ತೆ ಪಂಚವಟಿಗೆ ಬರುತ್ತಾನೆ. ಸೀತೆಯೂ ಅಲ್ಲಿದ್ದಾಳೆ, ಅವನ ಕಣ್ಣಿಗೆ ಕಾಣುವುದಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ವನದೇವತೆ ವಾಸಂತಿ ಕೇಳಿದರೆ, ಜನ ಸಹಿಸಲಿಲ್ಲ ಎನ್ನುತ್ತಾನೆ. ವಾಸಂತಿಯ ಮಾತು ಅತಿಯಾಯಿತೆಂದು ನೊಂದುಕೊಳ್ಳುವವಳು ಸೀತೆ. ಮೂರ್ಛೆಹೋದ ರಾಮನನ್ನು ಮುಟ್ಟಿ ಎಚ್ಚರಿಸುವವಳೂ ಅವಳೇ. ಸುಖದುಃಖ ಎರಡಾಗದಂತೆ ನೋಡಿಕೊಳ್ಳುವ ಭಾರವನ್ನೆಲ್ಲ ಅವಳೊಬ್ಬಳೇ ಹೊರುವುದನ್ನು ನನ್ನಿಂದ ಒಪ್ಪಲಾಗುವುದಿಲ್ಲ. ನಾಟಕದ ಈ ಭಾಗವನ್ನು ಓದುವಾಗಲೆಲ್ಲ ನಾನು ವಾಸಂತಿಯ ಕಡೆಗೇ ನಿಲ್ಲುತ್ತೇನೆ.