ಹಳೆಯ ಪಾತ್ರೆಗೆ ಕಲಾಯಿ



ಪರಿಚಿತವಾದುದನ್ನು ಬಿಡಲೊಲ್ಲದಿರುವುದು ಮನದ ಸಹಜಗುಣ. ಇದನ್ನು ಏಕಾಏಕಿ ದೋಷವೆಂದು ಕರೆಯಲಾಗದು. ಈ ಗುಣವಿಲ್ಲದಿದ್ದರೆ ಮನೆತನವೂ ನಿಲ್ಲದು, ಸಂಪ್ರದಾಯವೂ ನಿಲ್ಲದು. ಆದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಸಾಗಬೇಕು ಎಂಬ ವಿಚಾರವು ಕೂಡಿ ಬಾರದಿದ್ದರೆ ಅದೇ ಗುಣವು ಜಾಡ್ಯವಾಗುವುದು. ಈ ಪ್ರಶ್ನೆಯು ಇಂದು ಸಂಸಾರಿಗಳಾದ ನಮ್ಮೆಲ್ಲರ ಎದುರಿಗೆ ಒಂದು ಅಂಗೈಯಗಲದ ಗಾಜಿನ ಮೇಲೆ ಬಂದು ನಿಂತಿದೆ. ಸೇಡಂ, ಚಿಂಚೋಳಿಗಳ ತೊಗರಿ ಬೆಳೆಗಾರನ ಜೇಬಿನಲ್ಲಿ, ಶಹಾಬಾದದ ಫರಸಿ ಗಣಿಯಿಂದ ಮನೆಗೆ ಮರಳುವವನ ಕೈಯಲ್ಲಿ, ವಾಡಿಯ ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿದವನ ಬುತ್ತಿಚೀಲದಲ್ಲಿ, ಚಿತ್ತಾಪುರದ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಇರುವ ಐದಾರು ವರ್ಷದ ಸ್ಮಾರ್ಟ್‌ಫೋನು ಒಂದು ಬೆಳಗ್ಗೆ ಕೇಳುತ್ತದೆ: ಹೊಸ ಆವೃತ್ತಿ ಸಿದ್ಧವಾಗಿದೆ, ಸ್ಥಾಪಿಸಲೇ? ನಮ್ಮವರಲ್ಲಿ ಬಹುಮಂದಿ ‘ನಂತರ’ ಎಂಬುದನ್ನು ಒತ್ತುವರು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹೀಗೆ ಎರಡು ಮೂರು ವರ್ಷಗಳು ಉರುಳಿದ ಫೋನುಗಳು ನಮ್ಮ ಊರುಗಳಲ್ಲಿ ಅಪರೂಪವಲ್ಲ.

ಇಂತಹ ಲೌಕಿಕ ವಿಷಯಕ್ಕೆ ಈ ಪತ್ರಿಕೆಯಲ್ಲಿ ಎಡೆಯುಂಟೇ ಎಂದು ಹಿರಿಯರು ಕೇಳಬಹುದು. ಬಸವಣ್ಣನವರ ಕೈಯಲ್ಲಿ ಭಂಡಾರದ ಲೆಕ್ಕವಿತ್ತು. ಅಂಬಿಗರ ಚೌಡಯ್ಯನ ಕೈಯಲ್ಲಿ ಹುಟ್ಟು ಇತ್ತು. ಜೇಡರ ದಾಸಿಮಯ್ಯನ ಮುಂದೆ ಮಗ್ಗವಿತ್ತು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಶರಣರು ಕಾಯಕದ ಉಪಕರಣವನ್ನು ಕಡೆಗಣಿಸಿರಲಾರರು. ಸೋರುವ ದೋಣಿಯಲ್ಲಿ ಜನರನ್ನು ಕೂರಿಸುವ ಅಂಬಿಗನ ಭಕ್ತಿ ಎಂತಹದು? ಇಂದು ತೊಗರಿಯ ಹಣ ಬಂದು ಸೇರುವುದು, ಮಕ್ಕಳ ಶುಲ್ಕ ಹೋಗುವುದು, ದಾಸೋಹಕ್ಕೆ ಕಾಣಿಕೆ ಸಲ್ಲುವುದು ಅನೇಕ ಮನೆಗಳಲ್ಲಿ ಈ ಉಪಕರಣದ ಮೂಲಕವೇ. ಅದರ ಕ್ಷೇಮವು ಗೃಹಸ್ಥನ ಆಚಾರದೊಳಗೆ ಸೇರಿದ ಮಾತು.

ಮೊದಲು, ಒಲ್ಲೆನೆನ್ನುವವರ ಪಕ್ಷವನ್ನು ಗೌರವದಿಂದ ಕೇಳೋಣ. ಅವರ ಭಯಕ್ಕೆ ಆಧಾರವಿಲ್ಲದಿಲ್ಲ. ಆ್ಯಪಲ್ ಎಂಬ ಜಗತ್ಪ್ರಸಿದ್ಧ ಸಂಸ್ಥೆಯು ಹೊಸ ತಂತ್ರಾಂಶದ ಮೂಲಕ ತನ್ನ ಕೆಲವು ಹಳೆಯ ಐಫೋನುಗಳ ವೇಗವನ್ನು ತಗ್ಗಿಸಿದುದುಂಟು. ಬ್ಯಾಟರಿ ಸವೆದ ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ಹೀಗೆ ಮಾಡಿದೆವೆಂಬುದು ಅವರ ಸಮಾಧಾನ. ಕಾರಣವು ಸತ್ಯವೇ ಇದ್ದೀತು. ಆದರೆ ಒಡೆಯನಿಗೆ ಹೇಳದೆ ಮಾಡಿದುದು ಸತ್ಯವಲ್ಲ. 2017ರ ಡಿಸೆಂಬರಿನಲ್ಲಿ ಅವರೇ ಇದನ್ನು ಒಪ್ಪಿಕೊಳ್ಳಬೇಕಾಯಿತು. 2018ರಲ್ಲಿ ಇಟಲಿಯೂ 2020ರಲ್ಲಿ ಫ್ರಾನ್ಸೂ ದಂಡ ವಿಧಿಸಿದುವು. ಇಟಲಿಯಲ್ಲಿ ಸ್ಯಾಮ್ಸಂಗ್ ಸಂಸ್ಥೆಗೂ ದಂಡ ತಪ್ಪಲಿಲ್ಲ: ಹಳೆಯ ಫೋನು ಹೊರಲಾರದ ಭಾರವನ್ನು ಅದರ ಮೇಲೆ ಹೊರಿಸಿದರೆಂಬುದು ಅಲ್ಲಿಯ ಆಕ್ಷೇಪ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 2021ರ ಆಗಸ್ಟಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರಕಾರ ಕೊಟ್ಟ ಫೋನುಗಳನ್ನು ಹಿಂದಿರುಗಿಸುವ ಚಳವಳಿಯನ್ನೇ ನಡೆಸಿದರು. ಅಲ್ಪ ಸ್ಮರಣಶಕ್ತಿಯ ಆ ಯಂತ್ರಗಳಲ್ಲಿ ಹೊಸದಾಗಿ ಬಂದ ಪೋಷಣ್ ಟ್ರ್ಯಾಕರ್ ನಡೆಯದೆ, ಕೆಲಸಕ್ಕಿಂತ ಕಾಯುವುದೇ ಹೆಚ್ಚಾಗಿತ್ತೆಂದು ಅವರ ಅಳಲು. ಎತ್ತಿನ ಬಲವನ್ನು ನೋಡದೆ ಬಂಡಿಗೆ ಹೇರುವುದು ನಮ್ಮ ರೈತನಿಗೆ ತಿಳಿಯದ ತಪ್ಪಲ್ಲ. ಇನ್ನು ಪರದೆಯ ಮೇಲೆ ಮೂಡುವ ಹಸಿರು ಗೆರೆಯ ಸುದ್ದಿಯನ್ನು ಯಾರು ಕೇಳಿಲ್ಲ? ಅಪ್‌ಡೇಟ್ ಮಾಡಿದ ಬಳಿಕ ಗೆರೆ ಬಂತೆಂದು ದೇಶದುದ್ದಕ್ಕೂ ಜನ ದೂರಿದರು. 2024ರಲ್ಲಿ ಸ್ಯಾಮ್ಸಂಗಿನವರು ಭಾರತದಲ್ಲಿ ಕೆಲವು ಹಳೆಯ ಮಾದರಿಗಳ ಪರದೆಯನ್ನು ಒಂದಾವರ್ತಿ ಉಚಿತವಾಗಿ ಬದಲಿಸಿಕೊಡಲು ಮುಂದಾದರು.

ಹೀಗಿರಲು, ಒಲ್ಲೆನೆಂಬವನನ್ನು ಅಜ್ಞಾನಿಯೆಂದು ಹಳಿಯುವ ಇಂದಿನ ತರುಣರ ಮಾತನ್ನು ನಾನು ಒಪ್ಪಲಾರೆ. ಪ್ರಶ್ನೆ ಕೇಳುವುದು ಶರಣರ ಮಾರ್ಗಕ್ಕೆ ಹೊರತಲ್ಲ. ಅನುಭವ ಮಂಟಪವು ನಿಂತುದೇ ಪ್ರಶ್ನೆಯ ಮೇಲೆ. ಆದರೆ ಪ್ರಶ್ನೆ ಕೇಳಿದವನು ಉತ್ತರಕ್ಕಾಗಿ ಕಾಯುವನು. ‘ನಂತರ’ ಎಂದು ಒತ್ತಿ ಫೋನನ್ನು ಜೇಬಿಗಿಳಿಸುವವನು ಪ್ರಶ್ನೆಯನ್ನೂ ಕೇಳಲಿಲ್ಲ, ಉತ್ತರವನ್ನೂ ಪಡೆಯಲಿಲ್ಲ.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ಗ್ರಹಿಸಬೇಕು. ಅಪ್‌ಡೇಟ್ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಕಾರ್ಯಗಳನ್ನು ಕರೆಯುವರು. ನಮ್ಮ ತಾಯಂದಿರ ಕಾಲದಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಆಗಾಗ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಮಜ್ಜಿಗೆ ಇಟ್ಟರೆ ಕಿಲುಬು ಇಳಿದು ಉಂಡವರು ಕೆಡುವರು. ಇದನ್ನು ಬಲ್ಲ ಗೃಹಿಣಿ ಕಲಾಯಿಯವನು ಬೀದಿಗೆ ಬಂದೊಡನೆ ಪಾತ್ರೆಗಳನ್ನು ಹೊರಗಿಡುವಳು. ಅದರಿಂದ ಪಾತ್ರೆಯ ಆಕಾರ ಬದಲಾಗದು, ತೂಕ ಹೆಚ್ಚದು. ಪಾತ್ರೆಯನ್ನೇ ಕರಗಿಸಿ ಹೊಸ ಅಚ್ಚಿಗೆ ಎರೆಯಿಸುವುದು ಬೇರೆ ಮಾತು. ಅದಕ್ಕೆ ಲೋಹದ ಗಟ್ಟಿತನ ನೋಡಬೇಕು, ಖರ್ಚು ನೋಡಬೇಕು, ಮನೆಯವರನ್ನು ಕೇಳಬೇಕು. ಫೋನಿಗೆ ಬರುವ ಸೆಕ್ಯುರಿಟಿ ಪ್ಯಾಚ್ ಎಂಬುದು ಕಲಾಯಿ. ಆಂಡ್ರಾಯ್ಡಿನ ಅಂಕಿಯೇ ಹದಿಮೂರು ಹದಿನಾಲ್ಕೆಂದು ಏರುವ ದೊಡ್ಡ ಆವೃತ್ತಿಯು ಎರಕ. ಇವೆರಡನ್ನೂ ಒಂದೇ ಭಯದಿಂದ ದೂಡುವುದೇ ನಮ್ಮವರಲ್ಲಿ ಕಾಣುವ ದೊಡ್ಡ ಹಾನಿ.

ಕಲಾಯಿ ತಪ್ಪಿದರೆ ಏನಾಗುವುದೆಂಬುದನ್ನು ಜಗತ್ತು ಕಂಡಿದೆ. 2015ರ ಜುಲೈಯಲ್ಲಿ ಆಂಡ್ರಾಯ್ಡಿನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಹೊರಬಿದ್ದಿತು. ಕುಯುಕ್ತಿಯಿಂದ ರಚಿಸಿದ ಒಂದು ಸಂದೇಶ ಬಂದು ಸೇರಿದರೆ ಸಾಕು, ಒಡೆಯನು ಅದನ್ನು ತೆರೆಯುವ ಮೊದಲೇ ಕಳ್ಳನು ಒಳನುಗ್ಗಬಹುದಾಗಿತ್ತು. ಆ ಬಳಿಕವೇ, ಅದೇ ವರ್ಷದ ಆಗಸ್ಟಿನಿಂದ, ಗೂಗಲ್ ಸಂಸ್ಥೆಯು ತಿಂಗಳಿಗೊಮ್ಮೆ ಇಂತಹ ದುರಸ್ತಿಗಳನ್ನು ಹೊರಡಿಸುವ ಕ್ರಮವನ್ನು ಹಿಡಿದುದು. ಗಣಕಯಂತ್ರಗಳ ದೃಷ್ಟಾಂತವು ಇನ್ನೂ ಕಠೋರವಾದುದು. ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮಾರ್ಚಿನಲ್ಲಿ ಒಂದು ದುರಸ್ತಿಯನ್ನು ಕೊಟ್ಟಿತು. ‘ನಂತರ’ ಎಂದವರು ಬಹಳ. ಎರಡು ತಿಂಗಳಲ್ಲಿ, ಮೇ 12ರಂದು, ವಾನ್ನಾಕ್ರೈ ಎಂಬ ಪೀಡೆಯು ಅದೇ ಬಿರುಕಿನಿಂದ ನುಗ್ಗಿ ನೂರೈವತ್ತರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಕಟ್ಟಿಹಾಕಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಸರದಿಗಳೇ ರದ್ದಾದುವು. ಔಷಧವು ಮನೆಯಲ್ಲೇ ಇದ್ದು ಕುಡಿಯದೆ ಕೆಟ್ಟ ಕಥೆ ಇದು.

ಆದುದರಿಂದ ಕಲಾಯಿಯ ವಿಷಯದಲ್ಲಿ ನನ್ನದು ಒಂದೇ ಮಾತು: ಬಂದೊಡನೆ ಹಾಕಿಸಿಕೊಳ್ಳಿರಿ. ಎರಕದ ವಿಷಯದಲ್ಲಿ ಮಾತ್ರ ಆಲೋಚನೆಗೆ ಎಡೆಯುಂಟು.

ಆ ಆಲೋಚನೆಯಲ್ಲಿ ಯಂತ್ರದ ಬಲಾಬಲ ಒಂದು ಪಾಲಾದರೆ, ಮನದ ಕಟ್ಟು ಇನ್ನೊಂದು ಪಾಲು. ಚಿಂಚೋಳಿಯ ಕಡೆಯ ಒಬ್ಬ ತಾಯಿ ತಮ್ಮ ಫೋನನ್ನು ಮುಟ್ಟಲು ಮೊಮ್ಮಗನಿಗೂ ಬಿಡುವುದಿಲ್ಲ. ಲಿಂಗೈಕ್ಯರಾದ ಪತಿಯ ಧ್ವನಿ ಅದರಲ್ಲಿದೆ. ದೊಡ್ಡ ಮಾತೇನೂ ಅಲ್ಲ. ಹೊಲದಿಂದ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳು: ರಾಶಿ ಮುಗಿಯಿತು, ರೊಟ್ಟಿ ಕಳಿಸು, ಆಕಳು ಬಂತೇ ನೋಡು. ಹೊಸ ಆವೃತ್ತಿ ಹಾಕಿದರೆ ಆ ಧ್ವನಿ ಅಳಿದೀತೆಂಬುದು ಆ ತಾಯಿಯ ಅಂಜಿಕೆ. ಇದನ್ನು ವ್ಯಾಮೋಹವೆಂದು ಉಪದೇಶಿಸಲು ಹೊರಡುವವನಿಗೆ ಹೃದಯವಿಲ್ಲವೆಂದೇ ನಾನು ತಿಳಿಯುವೆನು. ಆದರೆ ಆಕೆಗೆ ಸತ್ಯವನ್ನಾದರೂ ಹೇಳಬೇಕು. ಸಾಮಾನ್ಯವಾಗಿ ಹೊಸ ಆವೃತ್ತಿಯು ವ್ಯವಸ್ಥೆಯ ಭಾಗವನ್ನು ಬದಲಿಸುವುದೇ ಹೊರತು ಒಡೆಯನ ಚಿತ್ರ, ಧ್ವನಿ, ಪತ್ರಗಳನ್ನು ಮುಟ್ಟದು. ನಡುವೆ ವಿಘ್ನ ಬಂದರೆ ನಷ್ಟವಾಗುವ ಸಂಭವವುಂಟು, ನಿಜ. ಆದರೆ ಆ ಫೋನು ಬಾವಿಗೆ ಬಿದ್ದರೆ? ಸಂತೆಯಲ್ಲಿ ಕಳುವಾದರೆ? ಬ್ಯಾಟರಿ ಉಬ್ಬಿ ಕೆಟ್ಟರೆ? ಒಂದೇ ಎಡೆಯಲ್ಲಿರುವ ವಸ್ತುವನ್ನು ಮುಟ್ಟದೆ ಕಾಯುವುದರಿಂದ ಅದು ಉಳಿಯದು. ಎರಡನೆಯ ಪ್ರತಿ ಮಾಡುವುದರಿಂದ ಉಳಿಯುವುದು.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ನೀವೆಲ್ಲ ಬಲ್ಲಿರಿ. ಅಲ್ಲಿ ಚಂದ್ರಲಾಂಬೆಯ ಸನ್ನಿಧಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆಯು 1986ರಲ್ಲಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಹಾಸುಗಲ್ಲನ್ನು ನೋಡಿದರೆ, ಅದು ಅಶೋಕ ಚಕ್ರವರ್ತಿಯ ಶಾಸನ! ಎಂದೋ ಯಾರೋ ವಿಗ್ರಹವನ್ನು ನಿಲ್ಲಿಸಲೆಂದು ಅದರ ನಡುವೆ ತೂತು ಕೊರೆದಿದ್ದರು. ಆ ಸ್ಥಳದ ಅಕ್ಷರಗಳು ಹೋಗಿದ್ದುವು. ಹೊಸದನ್ನು ಪ್ರತಿಷ್ಠಿಸುವ ಆತುರದಲ್ಲಿ ಹಳೆಯದನ್ನು ಓದಿಯೂ ನೋಡದೆ ಕೊರೆದುದರ ಫಲವಿದು. ಅಪ್‌ಡೇಟಿಗೆ ಹಾತೊರೆಯುವ ತರುಣರು ಇದನ್ನು ಮನಗಾಣಲಿ. ಆದರೆ ಇನ್ನೊಂದು ಮುಖವೂ ಉಂಟು. ಸನ್ನತಿಯ ಕಲ್ಲಿನಲ್ಲಿರುವ ಪ್ರತ್ಯೇಕ ಶಾಸನಗಳ ಪಾಠವನ್ನೇ ಆ ಚಕ್ರವರ್ತಿಯು ಒಡಿಶಾದ ಧೌಲಿ, ಜೌಗಡಗಳಲ್ಲಿಯೂ ಕೆತ್ತಿಸಿದ್ದನು. ಆದುದರಿಂದ ಇಲ್ಲಿ ಮುಕ್ಕಾದುದನ್ನು ವಿದ್ವಾಂಸರು ಅಲ್ಲಿಯದರೊಡನೆ ಹೋಲಿಸಿ ಓದಲು ಸಾಧ್ಯವಾಯಿತು. ಬ್ಯಾಕಪ್ ಎಂದು ಇಂದಿನವರು ಕರೆಯುವುದು ಇದಕ್ಕಿಂತ ಬೇರೆಯಲ್ಲ.

ನಮ್ಮ ಸಾಹಿತ್ಯದಲ್ಲಿಯೂ ನೋಡಿರಿ. ಶೂನ್ಯಸಂಪಾದನೆಯು ಒಬ್ಬರ ಕೈಯಲ್ಲಿ ಒಮ್ಮೆಗೇ ಮುಗಿದ ಗ್ರಂಥವಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಸಂಪಾದಕರು ಅದನ್ನು ಮತ್ತೆ ಮತ್ತೆ ತಿದ್ದಿ, ಕೂಡಿಸಿ, ಅಳವಡಿಸಿದರು. ಹೊಸ ಸಂಪಾದನೆ ಬಂತೆಂದು ಹಳೆಯ ಓಲೆಗಳನ್ನು ಯಾರೂ ಬೆಂಕಿಗೆ ಹಾಕಲಿಲ್ಲ; ಹಳೆಯದು ಇದೆಯೆಂದು ಹೊಸದನ್ನು ಬರೆಯಲು ಯಾರೂ ಅಂಜಲಿಲ್ಲ. ನಾಲ್ಕೂ ಇಂದು ನಮಗೆ ದೊರೆತಿವೆ.

ಇನ್ನು ತಯಾರಕನೇ ಕೈಬಿಟ್ಟ ಫೋನಿನ ಗತಿ. ಇತ್ತೀಚೆಗೆ ಕೆಲವು ಸಂಸ್ಥೆಗಳು ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷಗಳವರೆಗೆ ಅಪ್‌ಡೇಟ್ ಕೊಡುವೆವೆಂದು ಮಾತು ಕೊಟ್ಟಿವೆ. ನಮ್ಮ ಜನರ ಕೈಯಲ್ಲಿರುವ ಅಗ್ಗದ ಫೋನುಗಳಿಗೆ ಆ ಭಾಗ್ಯ ಬಹುಮಟ್ಟಿಗೆ ಇಲ್ಲ. ಒಂದು ದಿನ ಪ್ರಶ್ನೆ ಕೇಳುವುದೇ ನಿಂತುಹೋಗುವುದು. ಕಾಡುವ ಸೂಚನೆ ತಪ್ಪಿತೆಂದು ಕೆಲವರು ಸಂತೋಷಪಡುವರು! ಅದು ಸಂತೋಷದ ಸಮಯವಲ್ಲ. ಹಿರಿಯರಿಗೆ ಹಾಲಿಸಿಕ್ಕಾ ರೂಪಾಯಿಯ ನೆನಪಿದ್ದೀತು. ನಿಜಾಮರ ಆ ನಾಣ್ಯವು 1950ರ ಬಳಿಕ ಭಾರತದ ರೂಪಾಯಿಯೊಡನೆ ಕೆಲವು ಕಾಲ ಜೊತೆಯಾಗಿಯೇ ನಡೆಯಿತು, ಏಳಕ್ಕೆ ಆರರ ಲೆಕ್ಕದಲ್ಲಿ. 1959ರಲ್ಲಿ ಅದರ ಚಲಾವಣೆ ಮುಗಿಯಿತು. ಆ ಬಳಿಕ ಅದು ಗಡಿಗೆಯಲ್ಲಿ ಎಷ್ಟೇ ತುಂಬಿದ್ದರೂ ಸಂತೆಯಲ್ಲಿ ನಡೆಯುವ ಹಣವಲ್ಲ. ಹಾಗೆಯೇ 2025ರ ಆರಂಭದಿಂದ ಆಂಡ್ರಾಯ್ಡ್ ಕಿಟ್‌ಕ್ಯಾಟ್ ಎಂಬ ಹಳೆಯ ಆವೃತ್ತಿಯ ಫೋನುಗಳಿಗೆ ವಾಟ್ಸ್‌ಆ್ಯಪ್ ತನ್ನ ಬೆಂಬಲವನ್ನು ನಿಲ್ಲಿಸಿತು. ಇಂತಹ ಫೋನನ್ನು ಎಸೆಯಬೇಕೆಂದು ನಾನು ಹೇಳೆನು. ಅದರಲ್ಲಿ ಪ್ರವಚನ ಕೇಳಿರಿ, ಮಾತನಾಡಿರಿ, ಮೊಮ್ಮಕ್ಕಳ ಚಿತ್ರ ನೋಡಿರಿ. ಹಣದ ವ್ಯವಹಾರವನ್ನು ಮಾತ್ರ ಅದರಿಂದ ತೆಗೆದುಬಿಡಿರಿ. ಸೋರುವ ದೋಣಿಯು ದಡದ ಮೇಲೆ ಕೂರಲು ಯೋಗ್ಯ. ಭೀಮೆಯನ್ನು ದಾಟಲು ಅಲ್ಲ.

ಮದುವೆಯ ಆಮಂತ್ರಣವೆಂದೋ, ರೈತರ ಸಹಾಯಧನವೆಂದೋ, ಅಪರಿಚಿತರು ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಎಪಿಕೆ ಎಂಬ ಕಡತವೂ ‘ಸ್ಥಾಪಿಸಲೇ’ ಎಂದೇ ಕೇಳುವುದು. ನಿಜವಾದ ಅಪ್‌ಡೇಟನ್ನು ದೂರವಿಟ್ಟವರೇ ಇದಕ್ಕೆ ಹೌದೆಂದು ಒತ್ತಿ ಹಣ ಕಳೆದುಕೊಳ್ಳುವುದು ಕಲಿಕಾಲದ ವಿಚಿತ್ರವೇ ಸರಿ. ವ್ಯವಸ್ಥೆಯ ನಿಜವಾದ ಅಪ್‌ಡೇಟ್ ಫೋನಿನ ಸೆಟ್ಟಿಂಗ್ಸಿನಲ್ಲಿಯೇ ಇರುವುದು. ಯಾರೂ ಅದನ್ನು ಸಂದೇಶದಲ್ಲಿ ಕಳಿಸರು. ಹಣ ಹೋಯಿತೆಂದು ತಿಳಿದ ಕ್ಷಣವೇ 1930 ಎಂಬ ಸಂಖ್ಯೆಗೆ ಕರೆಮಾಡಬೇಕು, ನಾಚಿಕೆಯಿಂದ ಮುಚ್ಚಿಡಬಾರದು.

ಬೆಂಗಳೂರು, ಪುಣೆಗಳಲ್ಲಿ ಕೆಲಸದಲ್ಲಿರುವ ಮಕ್ಕಳಿಗೆ ಒಂದು ಮಾತು. ಹಬ್ಬಕ್ಕೆ ಊರಿಗೆ ಬಂದವರು ತಂದೆತಾಯಿಗಳ ಫೋನನ್ನು ಕಸಿದು, ಹೇಳದೆ ಕೇಳದೆ ಎಲ್ಲವನ್ನೂ ಬದಲಿಸಿ, ಮರುದಿನ ರೈಲು ಹತ್ತಿ ಹೋಗುವರು. ಗುಂಡಿಗಳು ಜಾಗ ಬದಲಿಸಿ, ಅಕ್ಷರಗಳು ಸಣ್ಣದಾಗಿ, ಆ ವೃದ್ಧರು ಕರೆ ಮಾಡಲೂ ತಿಳಿಯದೆ ಕೂರುವರು. ಮುಂದಿನ ಬಾರಿ ಅವರು ಒಲ್ಲೆನೆಂದರೆ ತಪ್ಪು ಯಾರದು? ಬಂದ ಮೊದಲ ದಿನವೇ ಬಳಿಯಲ್ಲಿ ಕುಳಿತು ಮಾಡಿರಿ. ಉಳಿದ ದಿನಗಳಲ್ಲಿ ಹೊಸ ದಾರಿಯನ್ನು ಅವರ ಬೆರಳಿನಿಂದಲೇ ನಡೆಸಿ ತೋರಿಸಿರಿ. ಇದೂ ಒಂದು ದಾಸೋಹ.

ಕೆಲಸಕ್ಕೆ ತೊಡಗುವ ಮೊದಲು ಸೆಟ್ಟಿಂಗ್ಸಿನ ಕೊನೆಯಲ್ಲಿರುವ ಎಬೌಟ್ ಫೋನ್ ಎಂಬಲ್ಲಿ ಸೆಕ್ಯುರಿಟಿ ಪ್ಯಾಚಿನ ದಿನಾಂಕವನ್ನು ನೋಡಿಕೊಳ್ಳಿರಿ. ಪಾತ್ರೆಗೆ ಕಲಾಯಿ ಬಿದ್ದು ಎಷ್ಟು ಕಾಲವಾಯಿತೆಂದು ತಿಳಿಯುವುದು. ಧ್ವನಿ, ಚಿತ್ರ, ಕಾಗದಪತ್ರಗಳ ಪ್ರತಿಯನ್ನು ಬೇರೆಡೆಗೆ ಸಾಗಿಸಿ, ಅಲ್ಲಿ ಅದು ತೆರೆಯುವುದೇ ಎಂದು ಒಮ್ಮೆ ಪರೀಕ್ಷಿಸಿರಿ. ಒಳಗೆ ಖಾಲಿ ಜಾಗವಿರಲಿ, ಬ್ಯಾಟರಿ ತುಂಬಿರಲಿ. ದೊಡ್ಡ ಆವೃತ್ತಿಯಾದರೆ ಬಂದ ದಿನವೇ ಹಾರಬೇಡಿರಿ. ಅದೇ ಮಾದರಿಯ ಫೋನುಳ್ಳ ಇತರರಿಗೆ ಏನಾಯಿತೆಂದು ಕೆಲವು ವಾರ ಕೇಳಿ ನೋಡಿರಿ, ಏಕೆಂದರೆ ಒಮ್ಮೆ ಏರಿದ ಮೇಲೆ ಹಿಂದಿನ ಆವೃತ್ತಿಗೆ ಇಳಿಯುವುದು ಸಾಮಾನ್ಯರಿಗೆ ಸಾಧ್ಯವಾಗದು. ಹಾಕಿದ ಬಳಿಕ ಒಂದೆರಡು ದಿನ ಫೋನು ಬಿಸಿಯಾಗಿ ನಿಧಾನವಾದರೆ ಗಾಬರಿ ಬೇಡ. ಒಳಗೆ ಹೊಸ ಜೋಡಣೆ ನಡೆದಿರುವುದು. ತೊಗರಿ ತೂಕಕ್ಕೆ ಹೋಗುವ ದಿನವಾಗಲಿ ಮಗಳ ನಿಶ್ಚಯದ ದಿನವಾಗಲಿ ಈ ಕೆಲಸಕ್ಕೆ ಕೈ ಹಾಕಬೇಡಿರಿ. ಕರೆಂಟು ಇರುವ, ಕೆಲಸವಿಲ್ಲದ ಒಂದು ಮಧ್ಯಾಹ್ನ ಸಾಕು.